ಜೊತೆಯ ಓದು

ಪರೀಕ್ಷೆಯ ದಿನಗಳು ಸಮೀಪಿಸಿದಾಗ ಊರಿನ ಯಾವ ಬೀದಿಯಲ್ಲಾದರೂ ಕಾಣಬರುವ ದೃಶ್ಯವೊಂದುಂಟು. ದೀಪ ಹಚ್ಚುವ ಹೊತ್ತು. ಮನೆಯ ಜಗಲಿಯ ಮೇಲೆ ಇಬ್ಬರು ವಿದ್ಯಾರ್ಥಿನಿಯರು ನಡುವೆ ಒಂದೇ ಪುಸ್ತಕವನ್ನಿರಿಸಿಕೊಂಡು ಕುಳಿತಿದ್ದಾರೆ. ಒಬ್ಬಳು ಏನನ್ನೋ ವಿವರಿಸುತ್ತಾಳೆ. ಇನ್ನೊಬ್ಬಳು ಒಮ್ಮೆ ತಲೆದೂಗುತ್ತಾಳೆ, ಒಮ್ಮೆ ಹುಬ್ಬು ಗಂಟಿಕ್ಕುತ್ತಾಳೆ. ನಡುನಡುವೆ ನಗೆಯೂ ಕೇಳಿಬರುತ್ತದೆ. ಆಗ ಒಳಗಿನಿಂದ ಹಿರಿಯರೊಬ್ಬರ ಧ್ವನಿ: "ಓದುತ್ತಿದ್ದೀರೋ, ಹರಟುತ್ತಿದ್ದೀರೋ?"

ಹಿರಿಯರ ಈ ಸಂಶಯ ತೀರ ನಿರಾಧಾರವಾದುದೆಂದು ಹೇಳಲಾಗದು. ಓದೆಂಬುದು ಏಕಾಂತದಲ್ಲಿ ನಡೆಯಬೇಕಾದ ತಪಸ್ಸು ಎಂಬ ಭಾವನೆ ಬಹುಕಾಲದಿಂದ ಬೇರೂರಿದೆ. ಆದರೆ ಇದಕ್ಕಿಂತ ಸೂಕ್ಷ್ಮವಾದ ಮತ್ತೊಂದು ಸಂಶಯವುಂಟು. ಅದು ಹಿರಿಯರದಲ್ಲ, ವಿದ್ಯಾರ್ಥಿಗಳದೇ. ತಾನು ಕಷ್ಟಪಟ್ಟು ತಿಳಿದುಕೊಂಡುದನ್ನು ಪಕ್ಕದವಳಿಗೆ ಹೇಳಿಕೊಟ್ಟರೆ ನಾಳೆ ಅವಳು ತನಗಿಂತ ಎರಡು ಅಂಕ ಹೆಚ್ಚಾಗಿ ಗಳಿಸಿಬಿಟ್ಟರೆ? ಟಿಪ್ಪಣಿಯ ಪುಸ್ತಕವನ್ನು ಚೀಲದ ತಳದಲ್ಲಿ ಅಡಗಿಸಿಡುವ ಜಾಣತನ ಹುಟ್ಟುವುದು ಈ ಅಂಜಿಕೆಯಿಂದಲೇ. ಹೇಳಿಕೊಡುವವರು ಕಳೆದುಕೊಳ್ಳುವುದೇನು, ಗಳಿಸುವುದೇನು? ಈ ಪ್ರಶ್ನೆಗೆ ಉತ್ತರವನ್ನು ಅರಸುವವರು ಮೊದಲು ಬಳ್ಳಾರಿಯ ಕಡೆಗೆ, ಅದೂ ಇನ್ನೂರು ವರ್ಷಗಳ ಹಿಂದಿನ ಬಳ್ಳಾರಿಯ ಕಡೆಗೆ ದೃಷ್ಟಿ ಹರಿಸಬೇಕು.

ಆಗ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಪ್ರಾಂತದ ಗವರ್ನರನಾಗಿದ್ದ ಥಾಮಸ್ ಮನ್ರೋ ದೇಶೀಯ ಶಾಲೆಗಳ ಸ್ಥಿತಿಗತಿಗಳನ್ನು ತಿಳಿದು ವರದಿ ಮಾಡಬೇಕೆಂದು 1822ರಲ್ಲಿ ಜಿಲ್ಲೆಯ ಕಲೆಕ್ಟರುಗಳಿಗೆ ಆದೇಶವಿತ್ತನು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳುಹಿಸಿದ ವರದಿ ಅವುಗಳಲ್ಲೆಲ್ಲ ವಿಶಿಷ್ಟವಾದುದು. ಇತರರು ಬಹುಮಟ್ಟಿಗೆ ಅಂಕಿಸಂಖ್ಯೆಗಳನ್ನು ಕೊಟ್ಟು ಸುಮ್ಮನಾದರೆ, ಇವನು ಶಾಲೆಯೊಳಗೆ ಮಕ್ಕಳು ಹೇಗೆ ಕಲಿಯುತ್ತಾರೆಂಬುದನ್ನೂ ಬರೆದನು. ಜಿಲ್ಲೆಯಲ್ಲಿ 533 ಶಾಲೆಗಳಿದ್ದುವು. ಕಲಿಯುತ್ತಿದ್ದವರು 6,641 ಮಂದಿ. ಅಂದರೆ ಒಂದು ಶಾಲೆಗೆ ಸುಮಾರು ಹನ್ನೆರಡು ಮಕ್ಕಳು. 235 ಶಾಲೆಗಳಲ್ಲಿ ಕನ್ನಡವನ್ನೂ 226 ಶಾಲೆಗಳಲ್ಲಿ ತೆಲುಗನ್ನೂ ಕಲಿಸುತ್ತಿದ್ದರು.

ಶಾಲೆ ಬೆಳಗಿನ ಆರು ಗಂಟೆಗೇ ಆರಂಭವಾಗುತ್ತಿತ್ತು. ಎಲ್ಲರಿಗಿಂತ ಮೊದಲು ಬಂದ ಬಾಲಕನ ಅಂಗೈಯಲ್ಲಿ ಗೌರವಸೂಚಕವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಅಂಗೈಗೆ ಬರಿಯ ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು; ಹೀಗೆ ತಡವಾದಂತೆಲ್ಲ ಪೆಟ್ಟಿನ ಎಣಿಕೆ ಏರುತ್ತಿತ್ತು. ಮಕ್ಕಳು ಅಕ್ಷರಗಳನ್ನು ಬಾಯಿಯಿಂದ ಒಪ್ಪಿಸುವುದಕ್ಕಿಂತ ಮೊದಲು ಮರಳಿನಲ್ಲಿ ಬೆರಳಿನಿಂದ ತಿದ್ದುತ್ತಿದ್ದರು. ಕೈ ಪಳಗಿದ ಮೇಲೆ ಓಲೆಗರಿ ಮತ್ತು ಕಂಠ, ಇಲ್ಲವೆ ಕಡತ ಮತ್ತು ಬಳಪ. ಶಾಲೆಯಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಗಗಳಿರುತ್ತಿದ್ದುವು. ಮೇಲಿನ ವರ್ಗದವರು ನೇರವಾಗಿ ಗುರುವಿನ ಕಣ್ಣೆದುರಿನಲ್ಲಿ ಕಲಿಯುತ್ತಿದ್ದರು. ಕೆಳಗಿನ ವರ್ಗದವರ ಹೊಣೆ ಬಹುಮಟ್ಟಿಗೆ ಮುಂದುವರಿದ ವಿದ್ಯಾರ್ಥಿಗಳದಾಗಿತ್ತು.

ಕ್ಯಾಂಪ್‌ಬೆಲ್ಲನಿಗೆ ಬಹಳ ಮೆಚ್ಚಿಕೆಯಾದುದು ಈ ಏರ್ಪಾಡೇ. ಮುಂದಿರುವ ಬಾಲಕನು ಹಿಂದಿರುವವನಿಗೆ ಕಲಿಸುವುದರಿಂದ ಹಿಂದಿರುವವನಿಗೆ ಪ್ರಯೋಜನವಾಗುವುದಂತೂ ಸರಿ. ಆದರೆ ಅದೇ ಕಾಲದಲ್ಲಿ ಕಲಿಸುವವನ ತಿಳಿವಳಿಕೆಯೂ ದೃಢವಾಗುತ್ತದೆ ಎಂಬುದನ್ನು ಅವನು ಗಮನಿಸಿದನು. ಈ ಪದ್ಧತಿಯನ್ನು ಇಂಗ್ಲೆಂಡಿನವರು ಅನುಕರಿಸಿದುದು ಯೋಗ್ಯವೇ ಆಯಿತೆಂದೂ ಬರೆದನು. ಕೂಲಿಮಠಗಳೆಂದು ಮುಂದಿನವರು ತಾತ್ಸಾರದಿಂದ ಕಂಡ ನಮ್ಮ ಹಳ್ಳಿಯ ಶಾಲೆಗಳಿಗೆ ಅಧಿಕಾರಿಯೊಬ್ಬನ ಲೇಖನಿಯಿಂದ ದೊರೆತ ಈ ಪ್ರಶಂಸೆಯನ್ನು ಮರೆಯಬಾರದು. ಅವನು ಕಂಡ ದೋಷವನ್ನೂ ಮರೆಯಬಾರದು. ಮಕ್ಕಳು ಹಳೆಯ ಭಾಷೆಯ ಪದ್ಯಗಳನ್ನು ನಿರರ್ಗಳವಾಗಿ ಒಪ್ಪಿಸುತ್ತಿದ್ದರಾದರೂ ಅವುಗಳ ಅರ್ಥ ಅವರಿಗೆ ತಿಳಿಯುತ್ತಿರಲಿಲ್ಲ. ಅನೇಕ ಕಡೆ ಕಲಿಸುವವರಿಗೂ ತಿಳಿದಿರಲಿಲ್ಲ. ಅಂತಹ ಕಡೆ ಒಬ್ಬರಿಂದ ಒಬ್ಬರಿಗೆ ಸಾಗುತ್ತಿದ್ದುದು ಧ್ವನಿಯೇ ಹೊರತು ವಿದ್ಯೆಯಲ್ಲ.

ಇಂಗ್ಲೆಂಡಿಗೆ ಈ ಪದ್ಧತಿ ಹೋದ ಬಗೆಯೂ ಸ್ವಾರಸ್ಯವಾಗಿದೆ. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳಿಗಾಗಿ 1789ರಲ್ಲಿ ಒಂದು ಆಶ್ರಮಶಾಲೆ ಸ್ಥಾಪಿತವಾಯಿತು. ಅದರ ಮೇಲ್ವಿಚಾರಕನಾದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಒಂದು ದಿನ ದೇಶೀಯ ಶಾಲೆಯೊಂದರ ಮುಂದೆ ಹಾದುಹೋಗುತ್ತಿದ್ದಾಗ ಮಕ್ಕಳು ನೆಲದ ಮೇಲೆ ಕುಳಿತು ಮರಳಿನಲ್ಲಿ ಅಕ್ಷರ ಬರೆಯುತ್ತಿದ್ದುದನ್ನು ಕಂಡನು. ತನ್ನ ಶಾಲೆಯಲ್ಲಿಯೂ ಹಾಗೆಯೇ ಕಲಿಸಬೇಕೆಂದು ಅವನು ಹೇಳಿದಾಗ ಅಲ್ಲಿನ ಉಪಾಧ್ಯಾಯರು ಅದು ಆಗದ ಕೆಲಸವೆಂದುಬಿಟ್ಟರು. ಬೆಲ್ ವಾದಕ್ಕೆ ನಿಲ್ಲಲಿಲ್ಲ. ಜಾನ್ ಫ್ರಿಸ್ಕೆನ್ ಎಂಬ ಸುಮಾರು ಎಂಟು ವರ್ಷದ ಬಾಲಕನನ್ನು ಕರೆದು, ಅಕ್ಷರ ಕಲಿಯುವ ಚಿಕ್ಕವರನ್ನು ಅವನಿಗೆ ಒಪ್ಪಿಸಿದನು. ಉಪಾಧ್ಯಾಯರಿಂದ ಆಗದೆಂದ ಕೆಲಸ ಆ ಬಾಲಕನಿಂದ ಆಯಿತು! ಕ್ರಮೇಣ ಶಾಲೆಯ ಪ್ರತಿಯೊಂದು ವರ್ಗದಲ್ಲಿಯೂ ಮಕ್ಕಳನ್ನು ಜೋಡಿಜೋಡಿಯಾಗಿ ಕೂರಿಸಿ, ಬಲ್ಲವನು ಪಕ್ಕದವನಿಗೆ ನೆರವಾಗುವ ಏರ್ಪಾಡು ಆಚರಣೆಗೆ ಬಂದಿತು. ಸ್ವದೇಶಕ್ಕೆ ಹಿಂದಿರುಗಿದ ಬೆಲ್ 1797ರಲ್ಲಿ ಈ ಪ್ರಯೋಗದ ವಿವರವನ್ನು ಪ್ರಕಟಿಸಿದನು. ಮರುವರ್ಷ ಜೋಸೆಫ್ ಲ್ಯಾಂಕಾಸ್ಟರ್ ಲಂಡನ್ನಿನಲ್ಲಿ ಬಡಮಕ್ಕಳಿಗಾಗಿ ಶಾಲೆ ತೆರೆದು ಇದೇ ಬಗೆಯ ಪದ್ಧತಿಯನ್ನು ಬೆಳೆಸಿದನು. ಕೆಲವೇ ವರ್ಷಗಳಲ್ಲಿ 'ಮದರಾಸು ಪದ್ಧತಿ' ಎಂಬ ಹೆಸರು ಇಂಗ್ಲೆಂಡಿನಲ್ಲಿ ಮನೆಮಾತಾಯಿತು.

ಆದರೆ ಅಲ್ಲಿ ಅದು ಬಹುಕಾಲ ಬಾಳಲಿಲ್ಲ. ಒಬ್ಬನೇ ಉಪಾಧ್ಯಾಯನಿಂದ ನೂರಾರು ಮಕ್ಕಳ ಶಾಲೆಯನ್ನು ನಡೆಸಬಹುದಲ್ಲ, ಖರ್ಚು ಉಳಿಯಿತಲ್ಲ ಎಂಬುದೇ ಪ್ರಧಾನವಾಯಿತು. ಹಿರಿಯ ಬಾಲಕನು ಕಿರಿಯರ ಸಾಲಿನ ಮುಂದೆ ನಿಂತು ತಾನು ಆಗತಾನೆ ಕೇಳಿಬಂದುದನ್ನು ಗಟ್ಟಿಯಾಗಿ ಹೇಳುವನು. ಸಾಲು ಅದನ್ನು ಗಟ್ಟಿಯಾಗಿ ಮರುನುಡಿಯುವುದು. ಪ್ರಶ್ನೆಗೆ ಅಲ್ಲಿ ಎಡೆಯಿರಲಿಲ್ಲ. ಪ್ರಶ್ನೆ ಬಂದರೂ ಉತ್ತರಿಸಲು ಆ ಬಾಲಕನಿಗೆ ತಿಳಿದಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗಕ್ಕೆ ಬರುವ ವೇಳೆಗೆ ಈ ಪದ್ಧತಿ ಹಿಂದೆ ಸರಿಯಿತು. ಬಳ್ಳಾರಿಯಲ್ಲಿ ಕ್ಯಾಂಪ್‌ಬೆಲ್ ಕಂಡ ಗುಣ ಮತ್ತು ದೋಷಗಳೆರಡೂ ಸಮುದ್ರವನ್ನು ದಾಟಿ ಹೋಗಿದ್ದುವು, ಉಳಿದುಕೊಂಡುದು ದೋಷ.

ಕರ್ನಾಟಕದ ಮಕ್ಕಳಿಗೆ ಇದರ ಸುಧಾರಿತ ರೂಪವೊಂದು ಅಪರಿಚಿತವೇನಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ 1995ರಲ್ಲಿ ಆರಂಭವಾಗಿ ಮುಂದೆ ರಾಜ್ಯದಾದ್ಯಂತ ಹಬ್ಬಿದ 'ನಲಿ-ಕಲಿ'ಯಲ್ಲಿ ಕಲಿತ ಮಕ್ಕಳು ಗುಂಪುಗುಂಪಾಗಿ ಕುಳಿತುದನ್ನು ನೆನೆಯಬಹುದು. ಒಂದು ಗುಂಪಿಗೆ ಶಿಕ್ಷಕರ ನೆರವು, ಇನ್ನೊಂದಕ್ಕೆ ಸಹಪಾಠಿಗಳ ನೆರವು, ಮತ್ತೊಂದರಲ್ಲಿ ತಾನೇ ಕಲಿಯುವುದು. ಮೂರೂ ಬೇಕೆಂಬ ವಿವೇಕ ಆ ಏರ್ಪಾಡಿನಲ್ಲಿದೆ.

ಹಾಗಾದರೆ ಹೇಳಿಕೊಡುವವರ ತಿಳಿವಳಿಕೆ ದೃಢವಾಗುವುದು ಹೇಗೆ? ಜಗಲಿಯ ಮೇಲೆ ಕುಳಿತ ಆ ಇಬ್ಬರ ಬಳಿಗೇ ಹಿಂದಿರುಗಿ, ಅವರು ಕನ್ನಡ ವ್ಯಾಕರಣವನ್ನು ಓದುತ್ತಿದ್ದಾರೆಂದು ಭಾವಿಸೋಣ. ಮೊದಲನೆಯವಳು ಲೋಪಸಂಧಿಯನ್ನು ವಿವರಿಸುತ್ತಿದ್ದಾಳೆ. ಸ್ವರದ ಮುಂದೆ ಸ್ವರ ಬಂದಾಗ, ಅರ್ಥ ಕೆಡದಿದ್ದರೆ, ಮೊದಲಿನ ಸ್ವರ ಲೋಪವಾಗುತ್ತದೆ. ಊರು ಮತ್ತು ಅನ್ನು ಸೇರಿ 'ಊರನ್ನು' ಆಗುತ್ತದೆ; ಉಕಾರ ಬಿದ್ದುಹೋಯಿತು. ಸೂತ್ರ ಬಾಯಿಗೆ ಬಂದಿದೆ, ಉದಾಹರಣೆಯೂ ಸರಿಯಾಗಿದೆ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಪೂರ್ಣಾಂಕ.

ಎರಡನೆಯವಳು ಕೇಳುತ್ತಾಳೆ: "ಗುರು ಎಂಬ ಶಬ್ದದ ಕೊನೆಯಲ್ಲಿಯೂ ಉಕಾರವೇ ಇದೆ. ಅದು 'ಗುರನ್ನು' ಎಂದೇಕಾಗುವುದಿಲ್ಲ? 'ಗುರುವನ್ನು' ಎನ್ನುತ್ತೇವಲ್ಲ?"

"ಅಲ್ಲಿ ಅರ್ಥ ಕೆಡುತ್ತದೆ."

"ಊರಿನ ಉಕಾರ ಹೋದರೆ ಅರ್ಥ ಕೆಡುವುದಿಲ್ಲ, ಗುರುವಿನ ಉಕಾರ ಹೋದರೆ ಕೆಡುತ್ತದೆ. ಅದೇಕೆ?"

ಈಗ ಮೌನ. ಈ ಮೌನ ಬಹು ಬೆಲೆಯುಳ್ಳದ್ದು. ಒಬ್ಬಳೇ ಓದುತ್ತಿದ್ದರೆ ಮೊದಲನೆಯವಳಿಗೆ ಈ ಮೌನ ಎಂದೂ ಎದುರಾಗುತ್ತಿರಲಿಲ್ಲ. ಪುಟದ ಮೇಲಿನ ಸೂತ್ರವನ್ನು ಎರಡನೆಯ ಸಲ, ಮೂರನೆಯ ಸಲ ಓದಿದಾಗ ಅದು ಪರಿಚಿತವೆನಿಸುತ್ತದೆ. ಪರಿಚಿತವಾದುದನ್ನು ಮನಸ್ಸು ತಿಳಿದುದೆಂದೇ ಎಣಿಸಿಬಿಡುತ್ತದೆ. ದಾರಿಯಲ್ಲಿ ನಿತ್ಯ ಕಾಣುವ ಮುಖದ ಹೆಸರು ತನಗೆ ಗೊತ್ತಿದೆಯೆಂದೇ ಇರುತ್ತೇವೆ. ಯಾರಾದರೂ ಕೇಳಿದಾಗಲೇ ಗೊತ್ತಿಲ್ಲವೆಂಬುದು ಗೊತ್ತಾಗುವುದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರೋಜೆನ್‌ಬ್ಲಿಟ್ ಮತ್ತು ಕೀಲ್ ಎಂಬ ಮನೋವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದ ಪರೀಕ್ಷೆಗಳು ಇದನ್ನೇ ತೋರಿಸಿದುವು. ಬೀಗ, ಜಿಪ್ಪು, ಹೊಲಿಗೆಯ ಯಂತ್ರ ಮೊದಲಾದ ನಿತ್ಯದ ವಸ್ತುಗಳು ಕೆಲಸ ಮಾಡುವ ಬಗೆ ತಮಗೆ ಎಷ್ಟು ಚೆನ್ನಾಗಿ ತಿಳಿದಿದೆಯೆಂದು ಜನರೇ ಮೊದಲು ಅಂಕ ಹಾಕಿಕೊಂಡರು. ಅನಂತರ ಅವುಗಳನ್ನು ಹಂತಹಂತವಾಗಿ ವಿವರಿಸಿ ಬರೆಯಬೇಕಾಯಿತು. ಬರೆದ ಮೇಲೆ ತಮಗೆ ತಾವು ಹಾಕಿಕೊಂಡ ಅಂಕವನ್ನು ಅವರೇ ಇಳಿಸಿಕೊಂಡರು. ವಿವರಿಸತೊಡಗಿದಾಗ ತಿಳಿವಳಿಕೆಯಲ್ಲಿರುವ ಬಿರುಕು ಹೊರಬೀಳುತ್ತದೆ. ಹೇಳಿಕೊಡುವವರ ಮೊದಲ ಲಾಭ ಇದು. ಕಹಿಯಾದ ಲಾಭವೇ ಸರಿ. ಆದರೆ ಪರೀಕ್ಷೆಯ ಕೊಠಡಿಯಲ್ಲಿ ಅದೇ ಬಿರುಕು ಕಾಣಿಸಿಕೊಂಡರೆ ಆಗಿನ ಕಹಿ ಹೆಚ್ಚಿನದು.

ಗೆಳತಿಯರ ಮೌನ ಮುರಿದುದು ಹೇಗೆ? ಇಬ್ಬರಿಗೂ ಉತ್ತರ ತಿಳಿಯದು. ಆದುದರಿಂದ ಅವರು ಶಬ್ದಗಳನ್ನು ಕಲೆಹಾಕತೊಡಗುತ್ತಾರೆ. ಕಾಲು, 'ಕಾಲನ್ನು'. ಕಣ್ಣು, 'ಕಣ್ಣನ್ನು'. ಬೇರು, 'ಬೇರನ್ನು'. ಇವೆಲ್ಲ ಊರಿನ ಗುಂಪಿಗೆ ಸೇರಿದುವು. ಸಾಧು, 'ಸಾಧುವನ್ನು'. ಮಗು, 'ಮಗುವನ್ನು'. ಇವು ಗುರುವಿನ ಗುಂಪು. ಪಟ್ಟಿಯನ್ನು ನೋಡುತ್ತ ನೋಡುತ್ತ ಒಬ್ಬಳಿಗೆ ತರಗತಿಯಲ್ಲಿ ಓದಿದ ಹಳಗನ್ನಡ ಪದ್ಯಗಳು ನೆನಪಾಗುತ್ತವೆ. ಅಲ್ಲಿ ಊರು ಎಂದಿಲ್ಲ, 'ಊರ್' ಎಂದಿದೆ. ಕಾಲು ಅಲ್ಲ, 'ಕಾಲ್'. ಕಣ್ಣು ಅಲ್ಲ, 'ಕಣ್'. ಗುರು, ಸಾಧು ಎಂಬುವು ಮಾತ್ರ ಅಲ್ಲಿಯೂ ಉಕಾರದಿಂದಲೇ ಮುಗಿಯುತ್ತವೆ. ಅಂದಮೇಲೆ ಊರು ಎಂಬುದರ ಉಕಾರ ಉಚ್ಚಾರಣೆಯ ಅನುಕೂಲಕ್ಕಾಗಿ ಅನಂತರ ಬಂದು ಕುಳಿತ ಅತಿಥಿ. ಎದ್ದುಹೋದರೆ ಮನೆಗೆ ನಷ್ಟವಿಲ್ಲ. ಗುರು ಎಂಬುದರ ಉಕಾರ ಮನೆಯವರಲ್ಲೊಬ್ಬರು; ಅವರನ್ನು ಕಳುಹಿಸುವಂತಿಲ್ಲ. 'ಅರ್ಥ ಕೆಡದಿದ್ದರೆ' ಎಂದು ಸೂತ್ರದಲ್ಲಿ ಇಷ್ಟು ದಿನ ಬಾಯಿಪಾಠವಾಗಿ ಮಲಗಿದ್ದ ಎರಡು ಪದಗಳು ಈಗ ಎಚ್ಚೆತ್ತುವು. ಹಳಗನ್ನಡದ ಪದ್ಯಕ್ಕೂ ವ್ಯಾಕರಣದ ಪಾಠಕ್ಕೂ ನಡುವೆ ಇದ್ದ ಗೋಡೆಯೂ ಬಿತ್ತು.

ಇಬ್ಬರಿಗೂ ತಿಳಿಯದ ವಿಷಯವನ್ನು ಇಬ್ಬರೂ ಕೂಡಿ ತಿಳಿಯಬಹುದೆ? ಕುರುಡನು ಕುರುಡನಿಗೆ ದಾರಿ ತೋರಿಸಿದಂತಾಗದೆ? ಸಹಜವಾದ ಆಕ್ಷೇಪ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಎರಿಕ್ ಮಜೂರ್ 1991ರಿಂದ ತಮ್ಮ ತರಗತಿಯಲ್ಲಿ ಒಂದು ಕ್ರಮವನ್ನು ಆಚರಣೆಗೆ ತಂದರು. ಪ್ರಶ್ನೆಯೊಂದನ್ನು ಕೊಟ್ಟಾಗ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲು ತಾನೇ ಯೋಚಿಸಿ ಉತ್ತರ ಕೊಡಬೇಕು. ಅನಂತರ ಪಕ್ಕದವರೊಡನೆ ಚರ್ಚಿಸಿ ಮತ್ತೊಮ್ಮೆ ಉತ್ತರ ಕೊಡಬೇಕು. ಚರ್ಚೆಯ ಮೇಲೆ ಸರಿಯುತ್ತರಗಳು ಹೆಚ್ಚುತ್ತಿದ್ದುವು. ಇದು ಬುದ್ಧಿವಂತನ ಮಾತಿಗೆ ಉಳಿದವರು ತಲೆಯಾಡಿಸಿದುದರ ಫಲವಿರಬಹುದೆಂದು ಸಂಶಯಪಟ್ಟವರುಂಟು. ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ತಳಿಶಾಸ್ತ್ರದ ವಿದ್ಯಾರ್ಥಿಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಸಂಶಯವನ್ನೇ ಪರೀಕ್ಷಿಸಿತು. ಚರ್ಚೆಯಾದ ಮೇಲೆ, ಅದೇ ತತ್ತ್ವವನ್ನು ಆಧರಿಸಿದ ಆದರೆ ಬೇರೆಯಾದ ಪ್ರಶ್ನೆಯನ್ನು ಕೊಟ್ಟು ಪ್ರತಿಯೊಬ್ಬರೂ ಒಬ್ಬಂಟಿಯಾಗಿ ಉತ್ತರಿಸುವಂತೆ ಮಾಡಲಾಯಿತು. ಅಲ್ಲಿಯೂ ಸರಿಯುತ್ತರಗಳು ಹೆಚ್ಚಿದುವು. ಮೊದಲು ಗುಂಪಿನಲ್ಲಿ ಯಾರಿಗೂ ಉತ್ತರ ತಿಳಿದಿರದಿದ್ದ ಕಡೆಯೂ ಹೆಚ್ಚಿದುವು. ತಪ್ಪು ತಪ್ಪನ್ನು ಉಜ್ಜಿದಾಗಲೂ ಕಿಡಿ ಹಾರುವುದುಂಟು.

ಕೇಳುವವರಿಗೆ ಆಗುವ ಲಾಭ ಎಲ್ಲರಿಗೂ ತಿಳಿದುದೇ. ನಲವತ್ತು ಮಂದಿಯ ನಡುವೆ ಎದ್ದುನಿಂತು 'ಇದು ಅರ್ಥವಾಗಲಿಲ್ಲ' ಎನ್ನಲು ಧೈರ್ಯ ಬೇಕು. ಗೆಳತಿಯ ಮುಂದೆ ಅದು ಬೇಡ. ನಿನ್ನೆ ತಾನೇ ಎಡವಿದ ಕಲ್ಲು ಯಾವುದೆಂಬುದು ಗೆಳತಿಗೆ ನೆನಪಿರುತ್ತದೆ. ಆ ದಾರಿಯಲ್ಲಿ ಮೂವತ್ತು ವರ್ಷ ನಡೆದ ಉಪಾಧ್ಯಾಯರಿಗೆ ಎಷ್ಟೋ ಸಲ ಕಲ್ಲೇ ಕಾಣುವುದಿಲ್ಲ.

ಇಷ್ಟಾದರೂ ಜೊತೆಗಾರರೆಲ್ಲರಿಂದಲೂ ಈ ಫಲ ದೊರೆಯುವುದೆಂದು ಭಾವಿಸಲಾಗದು. ಜೊತೆಗಾರ ಎಂತಹವನಾಗಿರಬೇಕೆಂಬುದನ್ನು ಬಹು ಆಳವಾಗಿ ಯೋಚಿಸಿದವರು ಯಹೂದ್ಯರು. ಯೆಶೀವಾ ಎಂಬ ಅವರ ವಿದ್ಯಾಶಾಲೆಗಳಲ್ಲಿ ಧರ್ಮಗ್ರಂಥಗಳನ್ನು ಇಬ್ಬಿಬ್ಬರಾಗಿ ಓದುವ ಸಂಪ್ರದಾಯವಿದೆ. ಇದಕ್ಕೆ ಹವ್ರೂತಾ ಎಂದು ಹೆಸರು, ಒಡನಾಟ ಎಂದು ಅದರ ಅರ್ಥ. ಇಬ್ಬರೂ ಎದುರೆದುರಾಗಿ ಕುಳಿತು ಗಟ್ಟಿಯಾಗಿ ಓದಿ ವಾದಿಸುತ್ತಾರೆ. ಹೊರಗಿನಿಂದ ನೋಡಿದವರು ಜಗಳವೆಂದೇ ತಿಳಿದಾರು. ಗ್ರಂಥಾಲಯದ ನಿಶ್ಶಬ್ದವನ್ನು ಅಲ್ಲಿ ಯಾರೂ ನಿರೀಕ್ಷಿಸುವುದಿಲ್ಲ.

ಅವರ ತಾಲ್ಮುಡ್ ಗ್ರಂಥದಲ್ಲಿ ಬರುವ ಕಥೆಯಿದು. ಕ್ರಿ. ಶ. ಮೂರನೆಯ ಶತಮಾನದಲ್ಲಿ ಯೋಹಾನಾನ್ ಎಂಬ ಮಹಾಪಂಡಿತನಿದ್ದನು. ಅವನ ಅಧ್ಯಯನದ ಜೊತೆಗಾರ ರೇಶ್ ಲಾಕಿಶ್. ಹಿಂದೆ ದಾರಿಗಳ್ಳನಾಗಿದ್ದು ಯೋಹಾನಾನನಿಂದಲೇ ವಿದ್ಯೆಯ ಕಡೆ ತಿರುಗಿದವನು. ಒಂದು ದಿನ ವಾದದ ನಡುವೆ ಯೋಹಾನಾನ್ ಅವನ ಹಳೆಯ ವೃತ್ತಿಯನ್ನು ಎತ್ತಿ ಚುಚ್ಚಿ ಮಾತಾಡಿದನು. ಸ್ನೇಹ ಮುರಿಯಿತು, ರೇಶ್ ಲಾಕಿಶ್ ಹಾಸಿಗೆ ಹಿಡಿದು ತೀರಿಕೊಂಡನು. ಯೋಹಾನಾನನ ದುಃಖವನ್ನು ಕಂಡು ಇತರ ಪಂಡಿತರು ಎಲಾಜಾರ್ ಎಂಬ ಚುರುಕುಬುದ್ಧಿಯವನನ್ನು ಹೊಸ ಜೊತೆಗಾರನಾಗಿ ಕಳುಹಿಸಿದರು. ಯೋಹಾನಾನ್ ಏನು ಹೇಳಿದರೂ ಅದನ್ನು ಸಮರ್ಥಿಸುವ ಆಧಾರವನ್ನು ಎಲಾಜಾರ್ ತಟ್ಟನೆ ಹುಡುಕಿ ಕೊಡುತ್ತಿದ್ದನು. ವೃದ್ಧ ಪಂಡಿತನಿಗೆ ಇದರಿಂದ ಸಮಾಧಾನವಾಗುವ ಬದಲು ದುಃಖ ಇಮ್ಮಡಿಸಿತು. ತನ್ನ ಮಾತು ಸರಿಯೆಂಬುದು ತನಗೆ ತಿಳಿಯದೆ? ರೇಶ್ ಲಾಕಿಶನಾದರೆ ಪ್ರತಿಯೊಂದು ಮಾತಿಗೂ ಇಪ್ಪತ್ತನಾಲ್ಕು ಆಕ್ಷೇಪಗಳನ್ನು ಎತ್ತುತ್ತಿದ್ದನು. ಇಪ್ಪತ್ತನಾಲ್ಕು ಸಮಾಧಾನಗಳನ್ನು ಹುಡುಕಬೇಕಾಗುತ್ತಿತ್ತು. ಆಗ ವಿಷಯ ತಾನೇ ತಾನಾಗಿ ವಿಶಾಲವಾಗುತ್ತಿತ್ತು. ಹೀಗೆಂದು ಗೆಳೆಯನ ಹೆಸರು ಕೂಗುತ್ತ ಅಲೆದನೆಂದು ಕಥೆ ಹೇಳುತ್ತದೆ. ಆಕ್ಷೇಪಿಸುವ ಗೆಳೆಯನ ಬೆಲೆ ಅವನಿಗೆ ತಿಳಿದಿತ್ತು. ಆಕ್ಷೇಪಕ್ಕೂ ನಿಂದೆಗೂ ಇರುವ ಅಂತರವನ್ನು ಮಾತ್ರ ಒಂದು ಗಳಿಗೆ ಮರೆತಿದ್ದನು. ಆ ಒಂದು ಗಳಿಗೆ ಸಾಕಾಯಿತು.

ನಮ್ಮ ನಿತ್ಯದ ಜೊತೆ ಓದಿನಲ್ಲಿ ಎಲಾಜಾರರೇ ಹೆಚ್ಚು. ಒಬ್ಬ ಲೆಕ್ಕ ಮಾಡುತ್ತಾನೆ, ಇನ್ನೊಬ್ಬ ನಕಲಿಳಿಸಿಕೊಳ್ಳುತ್ತಾನೆ. ಇಲ್ಲವೆ ಒಬ್ಬ ಹೇಳುತ್ತಲೇ ಹೋಗುತ್ತಾನೆ, ಇನ್ನೊಬ್ಬ ಹೂಂಗುಟ್ಟುತ್ತಲೇ ಇರುತ್ತಾನೆ. ದಿನ ಕಳೆದಂತೆ ಹೇಳುವವನು ಬೆಳೆಯುತ್ತಾನೆ, ಹೂಂಗುಟ್ಟುವವನು ಇದ್ದಲ್ಲೇ ಇರುತ್ತಾನೆ. ಹೇಳುವ ಕೆಲಸ ಇಬ್ಬರಿಗೂ ಸರದಿಯಂತೆ ಬರಬೇಕಾದುದು ಇದಕ್ಕಾಗಿಯೇ. ಜೊತೆಗಾರರ ಮುಂದೆ ಬರಿಗೈಯಲ್ಲಿ ಕುಳಿತವರಿಗೂ ಏನೂ ದಕ್ಕದು. ಮಜೂರ್ ಅವರ ತರಗತಿಯಲ್ಲಿ ಚರ್ಚೆಗೆ ಮೊದಲು ಒಬ್ಬಂಟಿಯಾಗಿ ಯೋಚಿಸಬೇಕೆಂಬ ನಿಯಮವಿದ್ದುದನ್ನು ಗಮನಿಸಬೇಕು. ಪದ್ಯವನ್ನು ಕಂಠಸ್ಥ ಮಾಡುವುದು, ಪ್ರಮೇಯವನ್ನು ಬರೆದು ಬರೆದು ಕೈಗೆ ಹತ್ತಿಸಿಕೊಳ್ಳುವುದು, ಬರವಣಿಗೆಯನ್ನು ತಿದ್ದಿಕೊಳ್ಳುವುದು ಮೊದಲಾದುವು ಎಂದಿಗೂ ಒಬ್ಬೊಬ್ಬರ ಕೆಲಸಗಳೇ. ಈಜುವುದನ್ನು ದಡದಲ್ಲಿ ಕುಳಿತು ಎಷ್ಟು ಚರ್ಚಿಸಿದರೂ ನೀರಿಗಿಳಿಯುವುದು ತಪ್ಪದು.

ಎರಡು ಅಂಕಗಳ ಅಂಜಿಕೆಯ ಮಾತು ಇನ್ನೂ ಉಳಿದಿದೆ. ಲೋಪಸಂಧಿಯನ್ನು ಹೇಳಿಕೊಟ್ಟ ವಿದ್ಯಾರ್ಥಿನಿಯ ಲೆಕ್ಕವನ್ನೇ ತೆಗೆದುಕೊಳ್ಳಬಹುದು. ಸಂಜೆ ಜಗಲಿಗೆ ಬಂದಾಗ ಅವಳ ಬಳಿ ಇದ್ದುದು ಒಂದು ಸೂತ್ರ, ಒಂದು ಉದಾಹರಣೆ. ಎದ್ದುಹೋಗುವಾಗ ಅವಳ ಬಳಿ ಆ ಸೂತ್ರದ ಕಾರಣವಿತ್ತು, ಶಬ್ದಗಳ ಎರಡು ಗುಂಪುಗಳಿದ್ದುವು, ಹಳಗನ್ನಡದ ಕೀಲಿಕೈಯೊಂದು ಕೈಸೇರಿತ್ತು. ಗೆಳತಿಗೆ ಕೊಟ್ಟ ಸೂತ್ರ ಅವಳಲ್ಲಿ ಹಾಗೆಯೇ ಇತ್ತು. ಟಿಪ್ಪಣಿಯ ಪುಸ್ತಕ ಚೀಲದ ತಳದಲ್ಲಿಯೇ ಉಳಿದಿದ್ದರೆ ಇವುಗಳಲ್ಲಿ ಒಂದೂ ಅವಳದಾಗುತ್ತಿರಲಿಲ್ಲ. ಆ ಎರಡು ಅಂಕಗಳು ಯಾರ ಪಾಲಿಗೆ ಬಂದಾವೆಂಬುದನ್ನು ಯಾರೂ ಹೇಳಲಾರರು.

ಮರುದಿನ ಸಂಜೆ ಪಾತ್ರಗಳು ಅದಲುಬದಲಾಗಿವೆ. ಎರಡನೆಯವಳು ಪುಸ್ತಕವನ್ನು ಮುಚ್ಚಿಟ್ಟು ಆಗಮಸಂಧಿಯನ್ನು ವಿವರಿಸುತ್ತಿದ್ದಾಳೆ. ಮನೆ ಮತ್ತು ಅನ್ನು ಸೇರಿ 'ಮನೆಯನ್ನು'. ನಡುವೆ ಯಕಾರ ಬಂದಿತು. ಗುರು ಮತ್ತು ಅನ್ನು ಸೇರಿ 'ಗುರುವನ್ನು'. ನಡುವೆ ವಕಾರ ಬಂದಿತು. ಮೊದಲನೆಯವಳು ತಲೆದೂಗಲಿಲ್ಲ.

"ಮನೆಗೆ ಯಕಾರವೇ ಏಕೆ ಬರಬೇಕು, ಗುರುವಿಗೆ ವಕಾರವೇ ಏಕೆ?" ಎಂದು ಕೇಳಿದಳು.

ಒಳಗಿನಿಂದ ಹಿರಿಯರ ಧ್ವನಿ ಬಂದಿತು. ಇಬ್ಬರಿಗೂ ಅದು ಕೇಳಿಸಲಿಲ್ಲ. ಅವರು ಆಗಲೇ ಶಬ್ದಗಳ ಪಟ್ಟಿಯನ್ನು ಬರೆಯತೊಡಗಿದ್ದರು.